ಇಲಿಯ ಬೆನ್ನು

ನಾನು ಈ ಜನ್ಮದಲ್ಲಿ ಅತಿ ಹೆಚ್ಚು ದ್ವೇಷಿಸಿದ ಜೀವಿಗೆ ಜೀವವೇ ಇರಲಿಲ್ಲ. ಅದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಳದಿ ಪ್ಲಾಸ್ಟಿಕ್ ಡಬ್ಬಿಯೊಳಗೆ ವಾಸವಾಗಿತ್ತು, ಗುಂಡಿಯಂಥ ಬ್ಯಾಟರಿಯ ಮೇಲೆ ಬದುಕುತ್ತಿತ್ತು, ಮತ್ತು ನನ್ನ ಗಂಡನ ಸೊಂಟದ ಮೇಲೆ ಕೂತು ನಮ್ಮ ಮನೆಯನ್ನು ಆಳುತ್ತಿತ್ತು. ಇದನ್ನು ಹೇಳಲು ಹೊರಟರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಬರಲಿ. ತಣ್ಣಗೆ ಕೂತು ಹೇಳುವಂಥ ಸಂಗತಿ ಇದಲ್ಲ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಚಿಂಚವಾಡದ ಕಾರಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ನನ್ನ ಮೈದುನನನ್ನು ಅವನ ಕಂಪನಿ ತರಬೇತಿಗೆಂದು ಜಪಾನಿಗೆ ಕಳಿಸಿತ್ತು. ಬರುವಾಗ ಅವನು ತನ್ನ ಮಕ್ಕಳಿಗೆ ಅಂಗೈಯಲ್ಲಿ ಹಿಡಿದು ಆಡುವ ಒಂದು ವಿಡಿಯೋ ಗೇಮ್ ತಂದ. ಕಾಡುಮೇಡು ಅಲೆದು, ಹುಲ್ಲಿನಿಂದ ಜಿಗಿದು ಬರುವ ವಿಚಿತ್ರ ಪ್ರಾಣಿಗಳನ್ನು ಚೆಂಡಿನೊಳಗೆ ಹಿಡಿದು, ಪಳಗಿಸಿ, ಒಂದಕ್ಕೊಂದು ಕಾದಾಡಿಸುವ ಆಟ. ಆಗ ಜಗತ್ತಿನ ಮಕ್ಕಳೆಲ್ಲ ಅದರ ಹುಚ್ಚಿನಲ್ಲಿದ್ದರು. ನಮಗೆ ತಂದದ್ದು ಆ ಆಟದ ಮರಿ. ಇದರಲ್ಲಿ ಕಾಡೂ ಇಲ್ಲ, ಕಾದಾಟವೂ ಇಲ್ಲ. ಆ ಪ್ರಾಣಿಗಳ ಪೈಕಿ ಎಲ್ಲರಿಗೂ ಅಚ್ಚುಮೆಚ್ಚಾದ ಒಂದೇ ಒಂದು, ಉದ್ದ ಕಿವಿಯ ಇಲಿಯಂಥದ್ದು, ಡಬ್ಬಿಯ ಪುಟ್ಟ ಪರದೆಯಲ್ಲಿ ಕೂತಿರುತ್ತದೆ. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾವು ನಡೆಯಬೇಕು. ನಡೆದಾಗ ಆಗುವ ಅಲುಗಾಟವನ್ನು ಡಬ್ಬಿ ಎಣಿಸಿ ನಮಗೆ ಅಂಕ ಕೊಡುತ್ತದೆ, ಆ ಅಂಕವನ್ನು ನಾವು ಇಲಿಗೆ ಉಡುಗೊರೆ ಕೊಡಬೇಕು. ಕೊಟ್ಟರೆ ಇಲಿ ಕುಣಿಯುತ್ತದೆ. ಕೊಡದಿದ್ದರೆ ಸಿಟ್ಟಾಗಿ, ನಮ್ಮ ಕಡೆ ಬೆನ್ನು ತಿರುಗಿಸಿ ಕೂತುಬಿಡುತ್ತದೆ. ಆಟ ಅಂದರೆ ಇಷ್ಟೇ.

"ಅಣ್ಣಗ ಡಾಕ್ಟರ್ ದಿನಾ ಅಡ್ಡಾಡ್ರಿ ಅಂದಾರಲ್ಲ ವೈನಿ, ಅದಕ್ಕ ತಂದೀನಿ" ಎಂದ ಮೈದುನ. ಪಾಪ, ಅವನ ಮನಸ್ಸು ಒಳ್ಳೆಯದೇ.

ನಮ್ಮವರಿಗೆ ಸಕ್ಕರೆ ಕಾಯಿಲೆ. ನನ್ನ ಮಾವನವರ ಕಣ್ಣು ಹೋದದ್ದು ಇದೇ ಕಾಯಿಲೆಯಿಂದ. ಕಡೆಗಾಲದಲ್ಲಿ ಅವರು ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದುದನ್ನು ನೋಡಿದವಳು ನಾನು. ಹಾಗಾಗಿ ಡಾಕ್ಟರು "ನಡೆಯಿರಿ" ಎಂದ ದಿನದಿಂದ ನಾನು ಹೇಳುತ್ತಲೇ ಬಂದಿದ್ದೆ. ಪ್ರೀತಿಯಿಂದ ಹೇಳಿದೆ, ಜಗಳವಾಡಿ ಹೇಳಿದೆ, ಅತ್ತು ಹೇಳಿದೆ. ನಾನು ಇಲ್ಲಿ ಪುಣೆಯ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುವವಳಾದ್ದರಿಂದ ಶರೀರವೇ ಧರ್ಮಸಾಧನ ಎಂಬರ್ಥದ ಶ್ಲೋಕಗಳನ್ನೂ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ "ನಾಳಿಂದ ಹೋಗ್ತೀನಿ" ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ.

ಇಲಿ ಮನೆಗೆ ಬಂದ ಮೊದಲ ವಾರದಲ್ಲೇ ಒಮ್ಮೆ ಬೆನ್ನು ತಿರುಗಿಸಿತು. ನಮ್ಮವರ ಮುಖ ಬಾಡಿಹೋಯಿತು. "ನೋಡಿಲ್ಲೆ, ನಮ್ಮ ರಾಜಾ ಸಿಟ್ಟಾಗ್ಯಾನ!" ಎಂದವರೇ, ಹೊರಗೆ ಮಳೆ ಹನಿಯುತ್ತಿದ್ದರೂ ಛತ್ರಿ ಹಿಡಿದು ನಾವಿರುವ ಬಿಬವೇವಾಡಿಯ ಗಲ್ಲಿಗಲ್ಲಿ ಸುತ್ತಿ ಬಂದರು. ಒದ್ದೆ ಪ್ಯಾಂಟಿನಲ್ಲೇ ನಿಂತು ಗುಂಡಿ ಒತ್ತಿ ಅಂಕಗಳನ್ನು ಅರ್ಪಿಸಿದರು. ಇಲಿ ಇತ್ತ ತಿರುಗಿತು. ಇವರು ಮಗುವಿನಂತೆ ನಕ್ಕರು. ನನ್ನ ಪಿತ್ತ ನೆತ್ತಿಗೇರಿತು.

ನೀವೇ ಹೇಳಿ. ಮದುವೆಯಾದಾಗಿನಿಂದ ನಾನೂ ಸಿಟ್ಟಾಗುತ್ತ ಬಂದವಳೇ. ಮುಖ ಊದಿಸಿದ್ದೇನೆ, ಪಾತ್ರೆ ಕುಕ್ಕಿದ್ದೇನೆ, ಮಾತು ಬಿಟ್ಟಿದ್ದೇನೆ. ನಾನು ಮಾತು ಬಿಟ್ಟಿದ್ದೇನೆ ಎಂಬುದನ್ನು ನಾನೇ ಮಾತಾಡಿ ಅವರಿಗೆ ತಿಳಿಸಬೇಕಾಗುತ್ತಿತ್ತು. ಹಿಂದೆ ಅರಮನೆಗಳಲ್ಲಿ ರಾಣಿಯರು ಸಿಟ್ಟಾದಾಗ ಹೋಗಿ ಮಲಗಲು ಕೋಪಗೃಹ ಎಂಬ ಬೇರೆ ಕೋಣೆಯೇ ಇರುತ್ತಿತ್ತಂತೆ. ಎಂಥ ಜಾಣತನ! ರಾಣಿ ಆ ಕೋಣೆ ಹೊಕ್ಕಳೆಂದರೆ ದಾಸಿಯಿಂದ ಹಿಡಿದು ಮಂತ್ರಿಯವರೆಗೆ ಎಲ್ಲರಿಗೂ ವಿಷಯ ಮುಟ್ಟುತ್ತಿತ್ತು, ರಾಜ ಎದ್ದುಬಿದ್ದು ಬರುತ್ತಿದ್ದ. ನಮ್ಮದು ಎರಡು ಕೋಣೆಯ ಫ್ಲಾಟು. ನನಗೆ ಸಿಟ್ಟು ಬಂದರೆ ಹೋಗಲು ಇರುವುದು ಅಡಿಗೆಮನೆ ಒಂದೇ, ಮತ್ತು ಅಲ್ಲಿ ಹೋದರೆ "ಚಹಾ ಮಾಡಲಿಕ್ಕೆ ಹೋದಿಯೇನು?" ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಪುಣೆಯ ಅಂಗಡಿಕಾರರು ಈ ವಿಷಯದಲ್ಲಿ ನನಗಿಂತ ಪುಣ್ಯವಂತರು. ಅವರು ತಮ್ಮ ಸಿಟ್ಟನ್ನು 'ಒಂದರಿಂದ ನಾಲ್ಕು ಬಾಗಿಲು ಬಡಿಯಬೇಡಿ' ಎಂದು ಬೋರ್ಡಿನ ಮೇಲೆ ಬರೆಸಿ ಬಾಗಿಲಿಗೆ ತೂಗುಹಾಕಿ, ಮಧ್ಯಾಹ್ನ ನಿಶ್ಚಿಂತೆಯಿಂದ ಮಲಗುತ್ತಾರೆ. ಅವರ ಸಿಟ್ಟನ್ನು ಊರೇ ಓದುತ್ತದೆ. ನನ್ನದನ್ನು ಓದಬೇಕಾದ ಒಬ್ಬರೇ ಒಬ್ಬರು ಓದುತ್ತಿರಲಿಲ್ಲ. ಮೂಲ ಆಟದಲ್ಲಿ ಮನುಷ್ಯರು ಪ್ರಾಣಿಗಳನ್ನು ಹಿಡಿಯುತ್ತಾರೆ. ಈ ಮರಿ ಆಟದಲ್ಲಿ ಪ್ರಾಣಿ ನನ್ನ ಗಂಡನನ್ನು ಹಿಡಿದಿತ್ತು.

ಆದರೂ ಹಲ್ಲು ಕಚ್ಚಿ ಸುಮ್ಮನಿದ್ದೆ. ನನ್ನ ಮಾತಿಗಲ್ಲದಿದ್ದರೂ ಇಲಿಯ ಮಾತಿಗಾದರೂ ನಡೆಯುತ್ತಿದ್ದಾರಲ್ಲ, ಕಣ್ಣು ಉಳಿದರೆ ಸಾಕು ಎಂದುಕೊಂಡೆ.

ಒಂದು ದಿನ ಅವರಿಗೆ ನೆಗಡಿಯಾಯಿತು. ಹಾಸಿಗೆಯಿಂದಲೇ ಡಬ್ಬಿಯನ್ನು ನನ್ನತ್ತ ಚಾಚಿ, "ನೀ ಹೆಂಗೂ ಅಡಗಿಮನ್ಯಾಗ ಅಡ್ಡಾಡ್ತಿ, ಇದನ್ನೊಂದಿಷ್ಟು ನಡಕ್ಕ ಸಿಗಿಸ್ಕೊ" ಎಂದರು. ಸೀರೆಯ ನೆರಿಗೆಯ ಪಕ್ಕ ಸಿಕ್ಕಿಸಿಕೊಂಡು ರೊಟ್ಟಿ ಬಡಿಯಲು ನಿಂತೆ. ಜೋಳದ ರೊಟ್ಟಿ ಬಡಿಯುವುದು ಬರೀ ಕೈಯ ಕೆಲಸವೆಂದು ತಿಳಿದವರು ಅದನ್ನು ಬಡಿದಿಲ್ಲ ಎಂದೇ ಅರ್ಥ. ಬಿಸಿನೀರಲ್ಲಿ ಕಲಸಿದ ಹಿಟ್ಟನ್ನು ಮೈಭಾರ ಹಾಕಿ ನಾದಬೇಕು. ಆಮೇಲೆ ಉಂಡೆಯ ಮೇಲೆ ಅಂಗೈ ಬೀಳುವ ಪ್ರತಿ ಪೆಟ್ಟಿಗೂ ಭುಜ, ಬೆನ್ನು, ಸೊಂಟ ಎಲ್ಲ ಒಂದೇ ತಾಳದಲ್ಲಿ ಅಲುಗುತ್ತವೆ. ಮನಸ್ಸಿನಲ್ಲಿ ಸಿಟ್ಟಿದ್ದರಂತೂ ಪೆಟ್ಟು ಜೋರು, ರೊಟ್ಟಿ ತೆಳು. ಆ ದಿನ ಬುಟ್ಟಿ ತುಂಬುವ ಹೊತ್ತಿಗೆ ಡಬ್ಬಿ ನೋಡಿದರೆ ಅಂಕಗಳು ಉಕ್ಕಿ ಹರಿಯುತ್ತಿದ್ದವು. ಜಪಾನಿನ ಆ ಯಂತ್ರ ನನ್ನ ರೊಟ್ಟಿಯನ್ನು ಹೆಜ್ಜೆ ಎಂದು ತಿಳಿದಿತ್ತು. ನಮ್ಮವರು ಅಂಕ ಅರ್ಪಿಸಿದ್ದೇ ತಡ, ಇಲಿ ಹಿಂದೆಂದೂ ಕುಣಿಯದಂತೆ ಕುಣಿಯಿತು.

ಮರುದಿನ ನೆಗಡಿ ವಾಸಿಯಾದರೂ ಡಬ್ಬಿ ನನ್ನ ಬಳಿಯೇ ಉಳಿಯಿತು. "ನಾ ಅಂತೂ ಅಡ್ಡಾಡಿ ಬರ್ತೀನಿ. ಅದು ನಿನ್ನ ಕಡೆ ಇರ್ಲಿ, ಭಾಳ ಖುಷಿಯಾಗಿರ್ತದ" ಎಂದು ಬೂಟು ಕಟ್ಟಿ ಹೊರಟರು. ಹೀಗೇ ನಡೆಯಿತು. ಬೆಳಿಗ್ಗೆ ಅವರು ಬೂಟು ಹಾಕಿಕೊಂಡು ಹೊರಗೆ, ನಾನು ಇಲಿಯನ್ನು ಹೊತ್ತುಕೊಂಡು ಒಳಗೆ. ವಾಕಿಂಗ್ ಮುಗಿಸಿ ಅವರು ಬರುವಾಗ ಮುಖದಲ್ಲಿ ಎಂಥದೋ ತೃಪ್ತಿ. ನಡಿಗೆಯಿಂದ ಬಂದ ಕಳೆ ಅದು ಎಂದು ನಾನು ಒಳಗೊಳಗೇ ಸಂತೋಷಪಟ್ಟೆ.

ಕೆಲವು ತಿಂಗಳ ನಂತರ ರಕ್ತ ತಪಾಸಣೆಯ ಫಲಿತಾಂಶ ಹಿಡಿದು ಇಬ್ಬರೂ ಡಾಕ್ಟರ ಬಳಿ ಹೋದೆವು. ಡಾಕ್ಟರು ಮರಾಠಿಯವರು, ಸೌಮ್ಯ ಮನುಷ್ಯ. ಕಾಗದ ನೋಡಿ ಅವರ ಹುಬ್ಬು ಗಂಟಿಕ್ಕಿತು. ಸಕ್ಕರೆ ಇಳಿಯುವುದಿರಲಿ, ಮೊದಲಿಗಿಂತ ಏರಿತ್ತು. ನಡೆಯುತ್ತಿದ್ದೀರಾ ಎಂದು ಕೇಳಿದರು. ಆಗ ನಮ್ಮವರು ಏನು ಮಾಡಿದರು ಗೊತ್ತೇ? ಜೇಬಿನಿಂದ ಆ ಹಳದಿ ಡಬ್ಬಿಯನ್ನು ತೆಗೆದು, ಹೆಜ್ಜೆಗಳ ಲೆಕ್ಕ ಕಾಣುವಂತೆ ಗುಂಡಿ ಒತ್ತಿ, ಮೇಜಿನ ಮೇಲೆ ಇಟ್ಟರು. ತಮ್ಮದೇ ಗಳಿಕೆ ಎಂಬ ಗತ್ತಿನಿಂದ!

ಡಾಕ್ಟರು ಬೆರಗಾದರು. "ಇಷ್ಟು ನಡೆದೂ ಸಕ್ಕರೆ ಏರುತ್ತಿದೆ ಎಂದರೆ ಕಾಯಿಲೆ ಮಾತ್ರೆಗೆ ಬಗ್ಗುತ್ತಿಲ್ಲ" ಎಂದು ಮರಾಠಿಯಲ್ಲಿ ಹೇಳಿ, ದಿನವೂ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆಯಲು ಪೆನ್ನು ತೆರೆದರು. ನಾನು ನಮ್ಮವರನ್ನು ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನಿಜವಾಗಿ ನಡೆದವರು ನನ್ನ ರೊಟ್ಟಿಯ ಲೆಕ್ಕವನ್ನು ತಮ್ಮದೆಂದು ತೋರಿಸುತ್ತಿದ್ದರೇ? ಸುಳ್ಳು ಒಪ್ಪಿಕೊಳ್ಳುವುದಕ್ಕಿಂತ ಸೂಜಿ ಚುಚ್ಚಿಸಿಕೊಳ್ಳುವುದೇ ಈ ಮಹಾನುಭಾವರಿಗೆ ಮೇಲಾಗಿತ್ತು! ಗೋಡೆ ಸವರಿಕೊಂಡು ನಡೆಯುತ್ತಿದ್ದ ಮಾವನವರ ಕೈ ನನ್ನ ಕಣ್ಣೆದುರು ಬಂತು. ಮೈಯೆಲ್ಲ ಉರಿದುಹೋಯಿತು. ಕುರ್ಚಿಯಿಂದ ಎದ್ದುಬಿಟ್ಟೆ.

"ಡಾಕ್ಟರ್, ಹೇ ಚಾಲಲೇಚ ನಾಹೀತ! ಮೀ ಭಾಕರ್‍ಯಾ ಥಾಪಲ್ಯಾ!"

ಇವರು ನಡೆದೇ ಇಲ್ಲ, ನಾನು ರೊಟ್ಟಿ ಬಡಿದೆ ಎಂದು ಕೂಗಿದ್ದು ಹೊರಗೆ ಕಾದು ಕೂತವರಿಗೂ ಕೇಳಿಸಿತಂತೆ. ಡಾಕ್ಟರಿಗೆ ಮೊದಲು ಒಂದೂ ಅರ್ಥವಾಗಲಿಲ್ಲ. ನಾನು ಅವರ ಮೇಜಿನ ಮೇಲೇ ಅಂಗೈ ಬಡಿದು, ಸೊಂಟ ಅಲುಗಿಸಿ ತೋರಿಸಿದೆ. ಡಬ್ಬಿಯಲ್ಲಿ ಅಂಕ ಏರುವುದನ್ನು ಅವರೇ ನೋಡಲೆಂದು ಅದನ್ನು ಸಿಕ್ಕಿಸಿಕೊಂಡು ಮತ್ತೊಮ್ಮೆ ಬಡಿದೆ. ಡಾಕ್ಟರು ಪೆನ್ನು ಮುಚ್ಚಿ, ನಗು ತಡೆದುಕೊಂಡು, ಒಂದು ಅವಕಾಶ ಕೊಡುತ್ತೇನೆ, ಈ ಸಲ ನಿಮ್ಮ ಕಾಲಲ್ಲೇ ನಡೆಯಿರಿ ಎಂದರು ನಮ್ಮವರಿಗೆ.

ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತೋ ಏನೋ. ಆದರೆ ಮನೆಯ ಹತ್ತಿರದ ತಿರುವಿನಲ್ಲಿ ಅಮೃತತುಲ್ಯ ಚಹಾದಂಗಡಿಯ ಮಾಲೀಕ ನಮ್ಮವರನ್ನು ಕಂಡು ಕೈ ಎತ್ತಿದ. "ಕಾಯ್ ಸಾಹೇಬ, ಆಜ್ ಸಕಾಳೀ ಆಲಾ ನಾಹೀತ?" ಇವತ್ತು ಬೆಳಿಗ್ಗೆ ಯಾಕೆ ಬರಲಿಲ್ಲ ಎಂದು ಅಕ್ಕರೆಯಿಂದ ಕೇಳಿದ. ದಿನಾ ಬೆಳಿಗ್ಗೆ ಮುಖದಲ್ಲಿ ಹೊಳೆಯುತ್ತಿದ್ದ ತೃಪ್ತಿ ಯಾವುದೆಂದು ಆಗ ತಿಳಿಯಿತು. ಏಲಕ್ಕಿ ಹಾಕಿ, ಸಕ್ಕರೆ ಸುರಿದು ಕುದಿಸಿದ ಚಹಾದ ತೃಪ್ತಿ ಅದು. ಬೂಟು ಕಟ್ಟಿಕೊಂಡು ಹೋಗುತ್ತಿದ್ದುದು ಇಷ್ಟೇ ದೂರ.

ರಸಗಳನ್ನು ವಿಂಗಡಿಸಿದ ನಮ್ಮ ಹಿರಿಯರು ರೌದ್ರಕ್ಕೆ ಕೆಂಪು ಬಣ್ಣ ಕೊಟ್ಟಿದ್ದಾರೆ. ಶಾಲೆಯಲ್ಲಿ ನಾನು ಹಾಗೆಯೇ ಪಾಠ ಮಾಡುತ್ತಿದ್ದೆ. ಅಂದು ನನ್ನ ಮಟ್ಟಿಗೆ ಅದರ ಬಣ್ಣ ಹಳದಿ. ನಾನು ಕೂಗಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಮನೆಗೆ ಬಂದು ಡಬ್ಬಿಯನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹೂತುಹಾಕಿ, ಅವರಿಗೆ ಬೆನ್ನು ತಿರುಗಿಸಿದೆ. ವೈರಿಯಿಂದಲೇ ಕಲಿತ ವಿದ್ಯೆ. ಊಟ ಬಡಿಸಿದರೂ ಬೆನ್ನು, ಕೇಳಿದ್ದಕ್ಕೂ ಬೆನ್ನು. ಅವರು ಕೋಣೆಯ ಈಚೆಗೆ ಬಂದರೆ ನಾನು ಆಚೆಗೆ ತಿರುಗುತ್ತಿದ್ದೆ.

ಇಷ್ಟು ವರ್ಷ ಓದಲು ಬಾರದ ಅಕ್ಷರ ಅವರಿಗೆ ಇದ್ದಕ್ಕಿದ್ದಂತೆ ಓದಲು ಬಂತು. ಇಲಿ ಕಲಿಸಿತ್ತು. ಮೊದಲು ಮಲ್ಲಿಗೆ ಹೂ ತಂದಿಟ್ಟರು, ಆಮೇಲೆ ನನಗಿಷ್ಟವಾದ ಕುರುಕಲು ತಿಂಡಿ ಬಾಕರವಡಿ. ನಾನು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಡಬ್ಬಿಯ ಮುಂದೆ ಕೇಳುತ್ತಿದ್ದ ಅದೇ ದೀನ ದನಿಯಲ್ಲಿ ಕೇಳಿದರು:

"ಏನ ಕೊಟ್ರ ಈ ಕಡೆ ತಿರಗ್ತಿ?"

ನಾನು ಗೋಡೆಗೆ ಹೇಳಿದೆ: "ಕಾತ್ರಜ."

ಕಾತ್ರಜ ನಮ್ಮ ಮನೆಯಿಂದ ಹತ್ತಿರವೇನಲ್ಲ. ಊರಿಗೆ ಹೋಗುವ ಬಸ್ಸು ಹಿಡಿಯಲು ನಾವು ರಿಕ್ಷಾ ಮಾಡಿಕೊಂಡು ಹೋಗುವ ಜಾಗ. ಬೂಟು ಕಟ್ಟುವ ಸದ್ದಾಯಿತು. ಬಾಗಿಲು ಮುಚ್ಚಿತು. ನಾನು ಹಿಟ್ಟು ನಾದಿದೆ, ರೊಟ್ಟಿ ಬಡಿದೆ, ಬುಟ್ಟಿ ತುಂಬಿತು, ಅವರು ಬರಲಿಲ್ಲ. ಬಿಸಿಲು ಏರುತ್ತಿತ್ತು. ಸಕ್ಕರೆ ಕಾಯಿಲೆಯವರನ್ನು ಇಷ್ಟು ದೂರ ಅಟ್ಟಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಕಿಟಕಿಗೂ ಒಲೆಗೂ ನಾನು ಅಡ್ಡಾಡಿದ್ದನ್ನು ಆ ಡಬ್ಬಿ ಎಣಿಸಿದ್ದರೆ ಇಲಿ ಕುಣಿದು ಕುಣಿದು ಸತ್ತೇ ಹೋಗುತ್ತಿತ್ತು.

ಕಡೆಗೆ ಬಂದರು. ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು, ಬೂಟಿನ ಮೇಲೆ ಹೆದ್ದಾರಿಯ ಧೂಳು. ಅದನ್ನು ನಾನು ಓರೆಗಣ್ಣಿನಿಂದ ನೋಡಿದೆ, ತಿರುಗಲಿಲ್ಲ. ಅವರು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ನಿಂತರು. ಜೇಬಿನಿಂದ ಏನೋ ತೆಗೆದು ಕಟ್ಟೆಯ ಮೇಲಿಟ್ಟರು. ಬಸ್ಸಿನ ಟಿಕೀಟು.

"ಹೋಗೂದು ಪೂರಾ ನಡದೆ. ಬರೂದು ಆಗ್ಲಿಲ್ಲ, ಬಸ್ಸಿನ್ಯಾಗ ಬಂದೆ."

ಕೇಳದೆಯೇ ಹೇಳಿದ ನಿಜ. ಅರ್ಧ ನಡೆದವರಿಗೆ ಅರ್ಧ ತಿರುಗಿದರೆ ಸಾಕು ಎಂದು ತೀರ್ಮಾನಿಸಿ, ಒಂದು ಭುಜವನ್ನಷ್ಟೇ ಅವರ ಕಡೆ ತಿರುಗಿಸಿ, ಹಿಟ್ಟಿನ ಕೈಯಲ್ಲೇ ನೀರಿನ ತಂಬಿಗೆಯನ್ನು ಮುಂದೆ ನೂಕಿದೆ. ಉಳಿದರ್ಧವನ್ನು, ಅವರು ಬರುವಾಗಲೂ ನಡೆದೇ ಬರುವ ದಿನಕ್ಕೆಂದು ಇಟ್ಟುಕೊಂಡೆ.