ಸೋಡದ ಪೆಟ್ಟಿಗೆಗೆ ತಂದ ಮಸಿ

ಸುಮತಿಯಮ್ಮ, ನೀವು ಜೀವಮಾನದಲ್ಲಿ ಕುಡಿದ ಮೊದಲ ಸೋಡದ ಗ್ಯಾಸು ತೆಂಗಿನ ಗೆರಟೆಯ ಇದ್ದಿಲಿನ ಮೂಲಕ ಬಂದದ್ದಲ್ಲ. ಎಲುಬಿನ ಇದ್ದಿಲಿನ ಮೂಲಕ ಬಂದದ್ದು. ಅದನ್ನು ಬಂಟ್ವಾಳದಿಂದ ತಂದವನು ನಾನು. ಗೊತ್ತಾದ ಮೇಲೂ ನಿಮಗೆ ಹೇಳದೆ ಏಳು ವರ್ಷ ಉಳಿದವನೂ ನಾನೇ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಎದ್ದು ಹೋಗಿ ನೀರು ಕುಡಿದು ಬಂದೆ. ಉಳಿದದ್ದನ್ನೂ ಬರೆಯುತ್ತೇನೆ, ಇಲ್ಲವಾದರೆ ನಿಮ್ಮೆದುರು ನಿಂತಾಗ ನಾಲಿಗೆ ಎಲ್ಲಿಂದ ಶುರುಮಾಡಬೇಕೆಂದು ತಡಕಾಡೀತು.

1957ರ ಬೇಸಿಗೆಯಲ್ಲಿ ನಾನು ನಾರಾವಿಯಿಂದ ಬಂದು ನಿಮ್ಮ ಮಗ ಜಿನರಾಜಣ್ಣನ ಸೋಡ ಕಾರ್ಖಾನೆಯಲ್ಲಿ ಲೆಕ್ಕಕ್ಕೆ ಸೇರಿದೆ. ಕಾರ್ಖಾನೆ ಎಂದರೆ ಮೂಡುಬಿದಿರೆಯ ನಿಮ್ಮ ಮನೆಗೆ ತಾಗಿದ ಹಳೆಯ ಗಾಡಿಕೊಟ್ಟಿಗೆ. ಒಳಗೆ ಚಕ್ರ ತಿರುಗಿಸುವ ಒಂದು ಮಿಷನ್, ಗೋಡೆಗೆ ಒರಗಿಸಿದ ಒಂದು ಗ್ಯಾಸಿನ ಸಿಲಿಂಡರ್, ಮರದ ಪೆಟ್ಟಿಗೆಗಳಲ್ಲಿ ಗೋಲಿ ಬಾಟಲಿಗಳು. ಎಷ್ಟು ತುಂಬಿಸಿದೆವು, ಎಷ್ಟು ಒಡೆದವು, ಎಷ್ಟು ವಾಪಸು ಬಂದವು — ಎಲ್ಲವನ್ನೂ ತಾರೀಕು ಹಾಕಿ ಬರೆಯುತ್ತಿದ್ದೆ. ಯಾರೂ ಹೇಳದಿದ್ದರೂ, ಬಾಟಲಿ ಒಡೆದಾಗ ಜಿನರಾಜಣ್ಣ ಯಾರನ್ನು ಬೈದರು ಎಂಬುದನ್ನು ಸಹ ಬರೆದಿಡುತ್ತಿದ್ದೆ. ಹೆಚ್ಚಿನ ಸಲ ಅವರು ಬೈದದ್ದು ಬಾಟಲಿಯನ್ನು.

ನೀವು ಕಾರ್ಖಾನೆಗೆ ಒಂದೇ ಒಂದು ಷರತ್ತು ಹಾಕಿದ್ದಿರಿ. ನೀರು ನೀವೇ ಗಾಳಿಸಿಕೊಟ್ಟದ್ದಾಗಬೇಕು. ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಎರಡು ಮಡಿಕೆ ಬಿಳಿ ಬಟ್ಟೆಯನ್ನು ಕೊಡಪಾನದ ಬಾಯಿಗೆ ಕಟ್ಟಿ ನೀರು ಹೊಯ್ಯುತ್ತಿದ್ದಿರಿ. ಆಮೇಲೆ ಬಟ್ಟೆಯನ್ನು ಮಗುಚಿ, ಗಾಳಿಸಿದ ನೀರಿನಿಂದಲೇ ಸಣ್ಣ ಚೊಂಬಿಗೆ ತೊಳೆದು, ಚೊಂಬನ್ನು ಹಗ್ಗದಲ್ಲಿ ಮೆಲ್ಲಗೆ ಬಾವಿಗೆ ಇಳಿಸುತ್ತಿದ್ದಿರಿ. ಅಷ್ಟು ಕಷ್ಟ ಯಾಕೆ, ತೆಂಗಿನ ಬುಡಕ್ಕೆ ಚೆಲ್ಲಿದರೆ ಆಗದಾ ಎಂದು ನಾನು ಕೇಳಿದ್ದೆ.

"ಬಟ್ಟೆಯಲ್ಲಿ ಸಿಕ್ಕಿದ ಜೀವಕ್ಕೆ ಆ ಬಾವಿಯೇ ಮನೆಯಲ್ವಾ ಮಗಾ," ಎಂದಿರಿ. "ನಿನ್ನನ್ನು ನಾರಾವಿ ಬಸ್ಸಿನಿಂದ ಇಳಿಸಿ ಕೊಕ್ಕಡದಲ್ಲಿ ಬಿಟ್ಟರೆ ಹೇಗಾಗ್ತದೆ?"

ಆ ಬೇಸಿಗೆಯಲ್ಲೇ ಗ್ಯಾಸು ಕೆಟ್ಟಿತು. ಮಂಗಳೂರಿನಿಂದ ಬಂದ ಸಿಲಿಂಡರುಗಳಲ್ಲಿ ಏನೋ ಒಂದು ವಾಸನೆ — ಒದ್ದೆ ಕೊಡೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹಾಗೆ. ಬಸ್ ಸ್ಟ್ಯಾಂಡಿನಲ್ಲಿ ಡ್ರೈವರೊಬ್ಬರು ಒಂದು ಗುಟುಕು ಕುಡಿದು ಬಾಟಲಿಯನ್ನು ಜಿನರಾಜಣ್ಣನ ಕೈಗೇ ಕೊಟ್ಟರು. "ಇದು ನನಗೆ ಬೇಡ ಧನಿಗಳೇ, ನನ್ನ ಬಸ್ಸಿಗೆ ಹಾಕಿ. ಸಿದ್ಧಕಟ್ಟೆ ಏರು ಚಂದ ಹತ್ತೀತು." ಪೇಟೆಯೆಲ್ಲ ನಕ್ಕಿತು. ಜಿನರಾಜಣ್ಣ ಎರಡು ದಿನ ಬಸ್ ಸ್ಟ್ಯಾಂಡಿನ ಕಡೆ ಹೋಗಲಿಲ್ಲ.

ಸಿಲಿಂಡರ್ ತರುವ ಏಜೆಂಟ್ ಉಪಾಯ ಹೇಳಿದ. ದೊಡ್ಡ ಕಾರ್ಖಾನೆಗಳಲ್ಲಿ ಗಾಳಿ, ಗ್ಯಾಸು ಶುದ್ಧ ಮಾಡಲು ಆಕ್ಟಿವೇಟೆಡ್ ಕಾರ್ಬನ್ ಎಂಬ ಒಂದು ಬಗೆಯ ಇದ್ದಿಲು ಬಳಸುತ್ತಾರೆ, ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು, ವಾಸನೆಯೆಲ್ಲ ಅದರೊಳಗೆ ಹೋಗಿ ಕೂತುಬಿಡುತ್ತದೆ ಎಂದ. ಜಿನರಾಜಣ್ಣ ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ ಸಿಲಿಂಡರಿಗೂ ಮಿಷನ್ನಿಗೂ ನಡುವೆ ಕೂರಿಸಿದರು. ಅದಕ್ಕೆ ತುಂಬಿಸುವ ಮಸಿ, ಅಂದರೆ ಆ ಇದ್ದಿಲು, ತರಲು ನನ್ನನ್ನು ಬಂಟ್ವಾಳ ಪೇಟೆಗೆ ಕಳುಹಿಸಿದರು.

ಅಲ್ಲಿ ಬಣ್ಣ, ರಸಾಯನದ ಸಾಮಾನು ಮಾರುವ ಪೈಗಳಿದ್ದರು. ಒಳಗಿನಿಂದ ಒಂದು ಡಬ್ಬ ತಂದು ಮುಚ್ಚಳ ತೆರೆದರು. ಕಾಳುಕಾಳಾದ ಕರಿ.

"ಇದು ಎಂಥ ವಾಸನೆಯನ್ನೂ ತೆಗೀತದೆ ಮಾರಾಯ," ಎಂದರು. "ನನ್ನ ತಮ್ಮನನ್ನು ಒಂದು ದಿನ ಇದರಲ್ಲಿ ಹೂತಿಟ್ಟರೆ ಅವನ ಬೀಡಿ ವಾಸನೆ ಸಹ ಹೋದೀತು."

ಒಳಗಿನಿಂದ ತಮ್ಮನ ಧ್ವನಿ ಬಂತು. "ಮೊದಲು ನಿಮ್ಮ ನಾಲಿಗೆಯನ್ನು ಇಡಿ ಅದರಲ್ಲಿ."

ನಾನು ನನ್ನ ಕ್ರಮದ ಪ್ರಕಾರ ಪರೀಕ್ಷೆ ಮಾಡಿದೆ. ಕಾಳುಗಳನ್ನು ಬಿಸಿಲಿಗೆ ಹಿಡಿದೆ, ಬೆರಳಲ್ಲಿ ಉಜ್ಜಿದೆ, ಮೂಸಿದೆ, ಎರಡು ಸಲ ತೂಗಿಸಿದೆ. ಡಬ್ಬದ ಬಣ್ಣವನ್ನೂ ಬರೆದುಕೊಂಡೆ. ಯಾವುದರಿಂದ ಮಾಡಿದ್ದು ಎಂದು ಮಾತ್ರ ಕೇಳಲಿಲ್ಲ. ನಮ್ಮ ಕಡೆ ಅದನ್ನು ಯಾರು ಕೇಳುತ್ತಾರೆ? ಅಕ್ಕಸಾಲಿಗನ ಅಗ್ಗಿಷ್ಟಿಕೆಯಲ್ಲಿ ಗೆರಟೆ ಮಸಿ, ಇಸ್ತ್ರಿ ಪೆಟ್ಟಿಗೆಯಲ್ಲಿ ಗೆರಟೆ ಮಸಿ. ಮನೆಮನೆಯ ಹಿತ್ತಿಲಲ್ಲಿ ತೆಂಗಿನಕಾಯಿಯ ಗೆರಟೆ ರಾಶಿ ಬಿದ್ದಿರುವ ಊರಲ್ಲಿ ಹುಟ್ಟಿದವನಿಗೆ, ಮಸಿ ಇನ್ನೊಂದರಿಂದ ಆದೀತು ಎಂದು ಹೊಳೆಯುವುದೇ ಇಲ್ಲ. ಇದನ್ನು ಸಮಾಧಾನಕ್ಕಾಗಿ ಬರೆಯುತ್ತಿಲ್ಲ. ಹೀಗಾಯಿತು, ಅಷ್ಟೆ.

ಪೆಟ್ಟಿಗೆ ತುಂಬಿಸಿದ ಮರುದಿನ ಜಿನರಾಜಣ್ಣ ಅದೇ ಡ್ರೈವರನ್ನು ಹುಡುಕಿ ಒಂದು ಬಾಟಲಿ ಕೊಟ್ಟರು. ಅವರು ಮೂಸಿದರು, ಕುಡಿದರು, ಬಾಟಲಿ ಅಲುಗಿಸಿ ಗೋಲಿಯ ಸದ್ದು ಕೇಳಿದರು. "ಬಸ್ಸಿಗೆ ಇನ್ನು ಕೊಡುವುದಿಲ್ಲ," ಎಂದರು. ಅವತ್ತಿನಿಂದ ಪೇಟೆಯಲ್ಲಿ ನನಗೊಂದು ಹೆಸರು ಬಂತು — ವಾಸನೆ ಸಂಜೀವ. ಕೇಳುವವರಿಗೆ ಬೈಗುಳ, ನನಗೆ ಬಿರುದು.

ಆಗ ನಿಮ್ಮ ಸರದಿ ಬಂತು. ಸೂರ್ಯ ಮುಳುಗುವ ಮೊದಲು ಊಟ ಮುಗಿಸಿದರೂ ಹೊಟ್ಟೆ ಉಬ್ಬರಿಸಿ ನಿಮಗೆ ನಿದ್ದೆಯಿರಲಿಲ್ಲ. ಸೋಡ ಕುಡಿಯಿರಿ ಎಂದು ವೈದ್ಯರು ಎಷ್ಟು ಹೇಳಿದರೂ, ಗಾಳಿಸದ ಗ್ಯಾಸು ಬೇಡವೆಂದು ನೀವು ಮುಟ್ಟಿರಲಿಲ್ಲ. ಅವತ್ತು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಆ ಕಬ್ಬಿಣದ ಪೆಟ್ಟಿಗೆಯನ್ನು ನೋಡಿದಿರಿ.

"ನೀರು ನನ್ನದೇ. ಇದರ ಒಳಗಿನ ಮಸಿ ಯಾವುದರದ್ದು ಮಗಾ?"

"ಗೆರಟೆಯದ್ದು ಅಮ್ಮ."

"ಹಾಗಾದರೆ ಕೊಡು."

ನೀವು ಕುಡಿದಿರಿ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಂತು ನೋಡಿ ಒಂದು ತೇಗು — ಅಂಗಳದಲ್ಲಿ ಕಾಳು ಹೆಕ್ಕುತ್ತಿದ್ದ ಪಾರಿವಾಳಗಳು ಹಾರಿಹೋದವು. ಸೊಸೆ ಅಡಿಗೆಮನೆಯಿಂದ ಓಡಿಬಂದರು. ನೀವು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಅವತ್ತಿನ ದಿನಚರಿಯಲ್ಲಿ ಆ ತೇಗಿಗೆ ನಾನೊಂದು ಸಾಲು ಕೊಟ್ಟಿದ್ದೇನೆ.

ಆಮೇಲೆ ಅದು ದಿನದ ಪದ್ಧತಿಯಾಯಿತು. ನಿಮ್ಮ ಜೊತೆ ಬಸದಿಯಲ್ಲಿ ಅಹಿಂಸೆಯ ವ್ರತ ಹಿಡಿದಿದ್ದ ಇಬ್ಬರು ಗೆಳತಿಯರನ್ನೂ ಕರೆದಿರಿ. ಅವರು ಅನುಮಾನಿಸಿದಾಗ ನೀವು ಹೇಳಿದ ಮಾತು ನನಗೆ ಕೊಟ್ಟಿಗೆಯ ಒಳಗೆ ಕೇಳಿತು. "ಸಂಜೀವ ತಂದದ್ದು. ಅವ ಕೇಳದೆ ತರುವವನಲ್ಲ."

ಆ ಮಾತು ಕೇಳಿ ನಾನೆಷ್ಟು ಉಬ್ಬಿದೆ, ಅಮ್ಮ.

ಇದ್ದಿಲಿನ ಶಕ್ತಿ ತೀರಿ ವಾಸನೆ ಮತ್ತೆ ಇಣುಕಿದಾಗ ಎರಡನೆಯ ಸಲ ಬಂಟ್ವಾಳಕ್ಕೆ ಹೋದೆ. ಪೈಗಳು ಬೇರೆಯೇ ಡಬ್ಬ ತಂದರು. ಹಿಂದಿನದ್ದೇ ಕೊಡಿ ಎಂದೆ.

"ಅದು ಮುಗೀತಲ್ಲ. ಸಕ್ಕರೆ ಬೆಳ್ಳಗೆ ಮಾಡುವವರು ಬಳಸುವ ಎಲುಬಿನ ಮಸಿ ಅದು, ಯಾರಿಗೋ ತರಿಸಿದ್ದರಲ್ಲಿ ಸ್ವಲ್ಪ ಉಳಿದಿತ್ತು. ಇದು ಗೆರಟೆಯದ್ದು. ಗ್ಯಾಸಿಗೆ ಇದೇ ಒಳ್ಳೆಯದು ಮಾರಾಯ." ನನ್ನ ಮುಖ ನೋಡಿ ಅವರೇ ಗಾಬರಿಯಾದರು. "ಎಂಥ ಆಯ್ತು? ಬೆಲ್ಲ-ನೀರು ಕೊಡ್ಲಾ?"

ಗೆರಟೆಯದ್ದನ್ನು ತಂದೆ. ಬಸ್ಸಿನಲ್ಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಹೇಳಬೇಕಾದ ವಾಕ್ಯವನ್ನು ಜೋಡಿಸುತ್ತ ಬಂದೆ. ಅಮ್ಮ, ತಪ್ಪಾಗಿದೆ — ಅಲ್ಲಿಂದ ಮುಂದಕ್ಕೆ ಸಾಗುತ್ತಲೇ ಇರಲಿಲ್ಲ. ಬಂದು ನೋಡಿದರೆ ನೀವು ಜಗಲಿಯಲ್ಲೇ ಕೂತಿದ್ದಿರಿ, ಪಕ್ಕದಲ್ಲಿ ಆ ಇಬ್ಬರು ಗೆಳತಿಯರು.

"ಬಂತಾ? ಮೊದಲಿನದ್ದೇ ಅಲ್ವಾ ಮಗಾ?"

"ಅದೇ ಅಮ್ಮ."

ಮೊದಲ ಉತ್ತರ ತಿಳಿಯದೆ ಹೇಳಿದ್ದು. ಇದು ತಿಳಿದೂ ಹೇಳಿದ ಸುಳ್ಳು. ನಿಮ್ಮ ಮನಸ್ಸಿಗೆ ನೋವಾದೀತೆಂದು ಹೇಳಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಅಂದುಕೊಂಡೆ. ಅದೂ ನಿಜವಲ್ಲ. 'ಕೇಳದೆ ತರುವವನಲ್ಲ' ಎಂಬ ಆ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಪೆಟ್ಟಿಗೆಯಿಂದ ಹಳೆಯ ಮಸಿ ತೆಗೆದು ದೂರ ಚೆಲ್ಲಲು ಹೊರಟೆ. ನೀವು ಬಿಡಲಿಲ್ಲ. "ಗೆರಟೆ ಮಸಿ, ಯಾಕೆ ದಂಡ ಮಾಡ್ತಿ? ಮಲ್ಲಿಗೆ ಬುಡಕ್ಕೆ ಹಾಕು," ಎಂದಿರಿ. ಬೇಡ ಎನ್ನಲು ಕಾರಣ ಕೊಡಬೇಕಿತ್ತು. ಕಾರಣ ಒಂದೇ ಇತ್ತು. ಹಾಕಿದೆ. ಮುಂದಿನ ಬೇಸಿಗೆಯಲ್ಲಿ ಆ ಗಿಡ ಹೂ ಬಿಟ್ಟ ರೀತಿ ನಿಮಗೆ ನೆನಪಿರಬೇಕು, ಎಲೆಯೇ ಕಾಣುತ್ತಿರಲಿಲ್ಲ. ಬಸದಿಗೆ ಬುಟ್ಟಿ ತುಂಬ ಹೂ ಹೋಗುವುದನ್ನು ನಾನು ಲೆಕ್ಕದ ಮೇಜಿನಿಂದ ನೋಡುತ್ತಿದ್ದೆ. "ಗೆರಟೆಗೆ ಇಷ್ಟು ಗುಣ ಉಂಟೂಂತ ಗೊತ್ತೇ ಇರಲಿಲ್ಲ," ಎಂದು ನೀವು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದಿರಿ. ನಾನು ತಲೆ ಬಗ್ಗಿಸಿ ಒಡೆದ ಬಾಟಲಿಗಳ ಲೆಕ್ಕ ಬರೆಯುತ್ತಿದ್ದೆ. ಈಗಲೂ ಅದನ್ನು ನೆನೆದರೆ ಮೊದಲು ನಗು ಬರುತ್ತದೆ. ನಗು ಮುಗಿಯುವ ಮುಂಚೆಯೇ ಆ ಹೂ ಹೋದದ್ದು ಬಸದಿಗೆ ಎಂಬುದು ನೆನಪಾಗುತ್ತದೆ.

ಆಮೇಲೆ ಬೆಳ್ತಂಗಡಿಯಲ್ಲಿ ಕೆಲಸ ಸಿಕ್ಕಿ ನಾನು ಹೊರಟೆ. ಪ್ರತಿ ಹಬ್ಬಕ್ಕೆ ನಿಮ್ಮ ಮನೆಗೆ ಬರುತ್ತಿದ್ದೆ, ಸೋಡ ಕುಡಿದು ಹೋಗುತ್ತಿದ್ದೆ. ಹೇಳುವುದು ಮುಂದಿನ ಹಬ್ಬಕ್ಕೆ ಹೋಗುತ್ತಿತ್ತು.

ಕಳೆದ ವಾರ ನಿಮ್ಮ ಅಳಿಯ ಧನ್ಯಕುಮಾರಣ್ಣ ನನ್ನ ಕೋಣೆಗೆ ಬಂದರು. ಬೆಳ್ತಂಗಡಿಯಲ್ಲಿ ಸೋಡ ಕಾರ್ಖಾನೆ ಹಾಕುತ್ತಾರಂತೆ. ಮಿಷನ್ ಬಂದಿದೆ, ಕಬ್ಬಿಣದ ಪೆಟ್ಟಿಗೆಯೂ ಆಗಿದೆ.

"ಮಸಿ ಮಾತ್ರ ನೀವೇ ತರಬೇಕಂತೆ ಮಾರಾಯ್ರೆ," ಎಂದರು. "ಅತ್ತೆಯ ಆರ್ಡರು. ಸಂಜೀವ ತಂದರೆ ನಾನು ಬಂದು ಮೊದಲ ಬಾಟಲಿ ಕುಡೀತೇನೆ, ಬೇರೆ ಯಾರು ತಂದರೂ ನನ್ನನ್ನು ಕರೀಬೇಡ ಅಂದಿದ್ದಾರೆ."

ಆಗಲಿ ಎಂದೆ. ನಿನ್ನೆ ಬಂಟ್ವಾಳಕ್ಕೆ ಹೋಗಿ ಬಂದೆ. ಈ ಸಲ ಎಲ್ಲಕ್ಕಿಂತ ಮೊದಲು ಕೇಳಿದ್ದು ಯಾವುದರದ್ದು ಎಂದು. ಪೈಗಳ ಕೂದಲು ಪೂರಾ ನರೆತಿದೆ. ಗೆರಟೆಯದ್ದು ಎಂದರು. ಇನ್ನೊಮ್ಮೆ ಕೇಳಿದೆ. "ಗೆರಟೆಯದ್ದೇ ಮಾರಾಯ. ತೆಂಗಿನಮರವನ್ನು ಸಾಕ್ಷಿಗೆ ಕರೀಬೇಕಾ?" ಎಂದರು. ಒಳಗಿನಿಂದ ತಮ್ಮ ನಕ್ಕ. ಬೀಡಿ ವಾಸನೆ ಹಾಗೇ ಇದೆ.

ಡಬ್ಬ ನನ್ನ ಮಂಚದ ಕೆಳಗೆ ಇದೆ. ಇದರಲ್ಲಿ ದೋಷವಿಲ್ಲ. ಇದನ್ನು ಪೆಟ್ಟಿಗೆಗೆ ತುಂಬಿಸಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನೀವು ಕುಡಿಯುತ್ತೀರಿ, ತೇಗುತ್ತೀರಿ, ನಗುತ್ತೀರಿ. ನಿಮ್ಮ ನಗು ನನಗೆ ಇಷ್ಟ. ಆದರೆ ಆ ಬಾಟಲಿಯನ್ನು ನೀವು ಎತ್ತುವುದು ಮಸಿಯನ್ನು ನಂಬಿ ಅಲ್ಲ, ನನ್ನನ್ನು ನಂಬಿ.

ಜಿನರಾಜಣ್ಣನಿಗೆ ಮೊದಲು ಹೇಳಿ ಅವರ ಮೂಲಕ ತಿಳಿಸಲೇ ಎಂದೂ ಯೋಚಿಸಿದೆ. ಆದರೆ ಬಟ್ಟೆಯಲ್ಲಿ ಸಿಕ್ಕಿದ್ದನ್ನು ನೀವು ಎಂದೂ ಬೇರೆ ಬಾವಿಗೆ ಬಿಟ್ಟವರಲ್ಲ. ಸುಳ್ಳು ಹೇಳಿದ್ದು ನಿಮಗೆ. ಈ ಮಾತು ನಿಮ್ಮಲ್ಲಿಗೇ ಬರಬೇಕು.

ಆದ್ದರಿಂದ ನಾಳೆ ಬೆಳಗಿನ ಬಸ್ಸಿಗೆ ಮೂಡುಬಿದಿರೆಗೆ ಬರುತ್ತೇನೆ. ನೀವು ಬಾವಿಕಟ್ಟೆಯಲ್ಲಿ ಇರುವ ಹೊತ್ತಿಗೆ ತಲುಪುತ್ತೇನೆ. ಚೊಂಬು ಬಾವಿಗೆ ಇಳಿದು ಮೇಲೆ ಬರುವವರೆಗೆ ಕಾಯುತ್ತೇನೆ, ಆಮೇಲೆ ಇದನ್ನು ಓದುತ್ತೇನೆ. ಆ ಗೆಳತಿಯರಿಗೂ ಹೇಳು ಎಂದರೆ ಅವರ ಮನೆಗೂ ಹೋಗುತ್ತೇನೆ. ನೀವು ಬೈಯಬಹುದು. ಬಾಯಿ ತೊಳೆದುಕೊಳ್ಳಬಹುದು. ಉಪವಾಸ ಕೂರಬಹುದು, ನನಗೆ ಹೆಚ್ಚು ಹೆದರಿಕೆ ಅದರದ್ದೇ.

ಬೆಳ್ತಂಗಡಿಯ ಹೊಸ ಪೆಟ್ಟಿಗೆ ಅಲ್ಲಿಯವರೆಗೆ ಖಾಲಿ ಇರುತ್ತದೆ. ಡಬ್ಬವನ್ನು ನಾಳೆ ಜೊತೆಯಲ್ಲೇ ತರುತ್ತೇನೆ. ಮುಚ್ಚಳ ತೆಗೆದು ನಿಮ್ಮ ಎದುರು ಇಡುತ್ತೇನೆ. ತುಂಬಿಸು ಎಂದು ನೀವು ಹೇಳಿದರೆ ತುಂಬಿಸುತ್ತೇನೆ. ಹೇಳದಿದ್ದರೆ, ಮುಚ್ಚಳ ಹಾಕಿ ಧನ್ಯಕುಮಾರಣ್ಣನಿಗೆ ಕೊಟ್ಟು, ತಂದವನು ಎಂಥವನು ಎಂಬುದನ್ನೂ ಅವರಿಗೆ ಹೇಳಿ ಬರುತ್ತೇನೆ.