ಜೋಪಾನ ಮಾಡಿದ ಲಿವರ್

ಗೆಳೆಯರೇ, ಇವತ್ತು ಬಾಗಲೂರಿನ ಕೆಸರಲ್ಲಿ ನನ್ನ ಹಳೇ ಜೀಪಿನ ನಾಲ್ಕೂ ಚಕ್ರ ಒಟ್ಟಿಗೆ ಎಳೆದವು!

ಬೆಳಿಗ್ಗೆ ತನಕ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡೋ ಆ ಫೋರ್ ಬೈ ಫೋರ್ ಲಿವರ್ ಅಲ್ಲಾಡ್ತಾನೇ ಇರ್ಲಿಲ್ಲ. ಮೆಕ್ಯಾನಿಕ್ ನಂಜಪ್ಪ ಗಾಡಿ ಕೆಳಗಿಂದಾನೇ ಕೇಳಿದ್ರು, "ಸಾ, ಇದನ್ನ ಲಾಸ್ಟ್ ಯಾವಾಗ ಹಾಕಿದ್ರಿ?"

"ಹಾಕೇ ಇಲ್ಲ. ಗಾಡಿ ತಗೊಂಡು ಮೂರು ವರ್ಷ ಆಯ್ತು. ಸವೆದುಹೋಗುತ್ತೆ ಅಂತ ಜೋಪಾನ ಮಾಡಿದ್ದೆ."

ನಂಜಪ್ಪ ಈಚೆ ಬಂದು ನನ್ನ ಮುಖಾನೇ ನೋಡಿದ್ರು. "ಅದಕ್ಕೇ ಸಾ ತುಕ್ಕು ಹಿಡಿದಿರೋದು! ಇನ್ಮೇಲೆ ಪ್ರತಿ ಭಾನುವಾರ ಕೆಸರಿಗಿಳಿಸಿ ಓಡಿಸಿ."

ತುಕ್ಕು ಬಿಡಿಸಿ ಗ್ರೀಸ್ ಹಾಕಿಕೊಟ್ರು. ಶೆಡ್ ಹಿಂದಿನ ಖಾಲಿ ಸೈಟಿಗೆ ಇಳಿಸಿ ಲಿವರ್ ಎಳೆದೆ. ಖಟ್ ಅಂತು! ಗಾಡಿ ಕೆಸರು ಸೀಳ್ಕೊಂಡು ನುಗ್ಗಿತು. ನಾನು ಕಿರುಚಿದ್ದಕ್ಕೆ ಪಕ್ಕದ ಟೀ ಅಂಗಡಿಯವರು ಓಡಿಬಂದ್ರು.

ಯಲಹಂಕಕ್ಕೆ ವಾಪಸ್ ಬಂದು, ಚಪ್ಪಲಿ ಬಿಡೋಕೂ ಮುಂಚೆ ಹೆಂಡತಿಗೆ ಹೇಳಿದೆ, "ಬಳಸ್ದೇ ಇಟ್ರೆ ಹಾಳಾಗುತ್ತಂತೆ ಕಣೇ. ಇನ್ಮೇಲೆ ಪ್ರತಿ ಭಾನುವಾರ ನಾನು ಕೆಸರಿಗೆ ಹೋಗ್ಲೇಬೇಕು!"

ಅವಳು ಲಟ್ಟಣಿಗೆ ತಂದು ನನ್ನ ಕೈಗಿಟ್ಟಳು. "ಮದುವೆ ಆದಾಗಿಂದ ನಿಮ್ಮ ಕೈಯನ್ನೂ ಜೋಪಾನವಾಗೇ ಇಟ್ಟಿದ್ದೀವಿ, ಅಲ್ವಾ?"

ಆದ್ದರಿಂದ ಗೆಳೆಯರೇ, ಭಾನುವಾರ ಜೊತೆಗೆ ಬರೋರು ಹತ್ತು ಗಂಟೆ ಮೇಲೆ ಬನ್ನಿ. ಅಲ್ಲೀತನಕ ನಾನು ಚಪಾತೀಲಿ ಸಿಕ್ಕಾಕೊಂಡಿರ್ತೀನಿ.