ಶಾಂತಾ ವೈನಿಯ ಭರಣಿ

ಆ ಮಧ್ಯಾಹ್ನ ಬಾರಿನಲ್ಲಿ ಇದ್ದವರು ಮೂರೇ ಮಂದಿ. ಗಲ್ಲಾದ ಹಿಂದೆ ಊರಿಗೆಲ್ಲ ಅತ್ತಿಗೆಯಾದ ಶಾಂತಾ ವೈನಿ, ಕಿಟಕಿಯ ಪಕ್ಕ ದಾದಾಗೌಡ್ರು, ಬಾಗಿಲ ಹತ್ತಿರದ ಬೆಂಚಿನ ಮೇಲೆ ನಾನು. ವೈನಿಯ ತೊಡೆಯ ಮೇಲೆ ಉಪ್ಪಿನಕಾಯಿ ಭರಣಿ. ಹಸುಗೂಸನ್ನು ಅವುಚಿಕೊಂಡವರ ಹಾಗೆ ಅದನ್ನು ಹಿಡಿದು ಕೂತಿದ್ದರು. ಒಳಗೆ ಉಪ್ಪಿನಕಾಯಿ ಇರಲಿಲ್ಲ, ಗಿರಾಕಿಗಳ ಗಾಡಿಯ ಚಾವಿಗಳಿದ್ದವು.

ನಿಪ್ಪಾಣಿಯ ಆ ಭಾಗದಲ್ಲಿ ಆಗಲೇ ಎತ್ತ ನೋಡಿದರೂ ಬಂಗಲೆ, ಗೇಟಿಗೊಂದು ನಾಯಿ. ನಡುವೆ ಕಡಪಾ ಕಲ್ಲಿನ ನೆಲ, ಸಾಗವಾನಿ ಬೆಂಚಿನ ಆ ಹಳೇ ಬಾರು. ಎಸಿ ಇಲ್ಲ, ಹಾಡಿನ ಗದ್ದಲ ಇಲ್ಲ. ಗಂಡ ತೀರಿದ ಮೇಲೆ ವೈನಿಯೇ ನಡೆಸುತ್ತಿದ್ದರು. ಬಂದವರು ಮೊದಲು ಗಾಡಿಯ ಚಾವಿಯನ್ನು ಭರಣಿಯೊಳಗೆ ಹಾಕಬೇಕು. ಆಮೇಲೆ ಒಂದು ಪ್ಲೇಟು ಕುದಿಸಿದ ಶೇಂಗಾ ಮುಗಿಸಬೇಕು. ಅದಾದ ಮೇಲೇ ಗ್ಲಾಸು ತುಂಬುವುದು.

ಯಾರಾದರೂ ಅವಸರ ಮಾಡಿದರೆ, "ಹಸದ ಹೊಟ್ಟ್ಯಾಗ ತಗೊಳ್ಳಾಕ ಇದೇನ ಔಷಧ ಏನೋ ತಮ್ಮಾ? ತಿನ್ನ ಮೊದಲ" ಎನ್ನುತ್ತಿದ್ದರು.

ಹೊರಡುವಾಗ ಮುಖ ನೋಡಿ, ಎರಡು ಮಾತಾಡಿಸಿ ಚಾವಿ ಕೊಡುವರು. ಮನಸ್ಸಿಗೆ ಬರಲಿಲ್ಲವೋ, ರಿಕ್ಷಾ ಕರೆಸುವರು. ಬಂಗಲೆಯವರಿಗೂ ಅಷ್ಟೇ, ಬೋರಗಾಂವದಿಂದ ಬರುವ ಮಗ್ಗದವರಿಗೂ ಅಷ್ಟೇ. "ಮನ್ಯಾಗ ಒಬ್ಬಾಕಿ ಬಾಗಲಾ ನೋಡ್ಕೋತ ಕುಂತಿರತಾಳ. ಆಕಿಗೆ ಉತ್ತರಾ ಕೊಡಾಕಿ ನಾನು."

ಆವತ್ತು ದಾದಾಗೌಡ್ರು ಎರಡನೇ ಗ್ಲಾಸು ಮುಗಿಸುವಾಗ ಏಕಸಂಬಿಯ ಮನೆಯಿಂದ ಅವರಿಗೆ ಫೋನು ಬಂತು. ತಾಯಿ ಅಂಗಳದಲ್ಲಿ ಕುಸಿದುಬಿದ್ದಿದ್ದಾರೆ, ಚಿಕ್ಕೋಡಿ ದವಾಖಾನೆಗೆ ಒಯ್ಯುತ್ತಿದ್ದಾರೆ.

"ವೈನಿ, ಚಾವಿ ಕೊಡ್ರಿ."

"ಕೂಡ್ರಿ ಗೌಡ್ರ. ಡ್ರೈವರನ್ನ ಕರಸ್ತೀನಿ."

"ಅಲ್ಲಿ ಅವ್ವ ಸಾಯಾಕತ್ತಾಳ, ನೀವು ಡ್ರೈವರ್ ಅಂತೀರಿ."

"ಅದಕ್ಕ ಕೊಡಾಂಗಿಲ್ಲ."

ಗೌಡ್ರು ಗಲ್ಲಾದ ಮೇಲೆ ಎರಡೂ ಕೈ ಊರಿದರು. "ಈ ಜಾಗಾ ಯಾರ್ದು ಅನ್ನೂದು ಮರತೀರೇನ?"

ಕಟ್ಟಡ ಅವರದೇ. ವೈನಿ ಭರಣಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ನಾಳೆ ಬಿಡಸ್ರಿ, ಹೋಗ್ತೇನಿ. ಇವತ್ತ ಕೊಡಾಂಗಿಲ್ಲ."

ಗೌಡ್ರ ಕೈ ಭರಣಿಯ ಮೇಲೆ ಬಿತ್ತು. ಒಳಗೆ ಚಾವಿಗಳು ಸದ್ದು ಮಾಡಿದವು. ನಾನು ಎದ್ದು ನಿಂತೆ. ವೈನಿ ಅವರನ್ನು ನೋಡಲೇ ಇಲ್ಲ, ನನ್ನ ಪ್ಲೇಟು ನೋಡಿದರು. ಶೇಂಗಾ ಅರ್ಧ ಉಳಿದಿತ್ತು.

"ತಮ್ಮಾ, ನಿಂದಿನ್ನೂ ಗ್ಲಾಸ್ ತುಂಬಿಲ್ಲ. ಗೌಡ್ರ ಗಾಡಿ ನೀ ಹೊಡಿ."

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಅಷ್ಟು ದೊಡ್ಡ ಗಾಡಿ ನನಗೆ ರೂಢಿಯಿಲ್ಲ. "ಒತ್ತಲೇ, ಒತ್ತ" ಎಂದು ಗೌಡ್ರು ಬಡಕೊಳ್ಳುತ್ತಿದ್ದರು. ಹೆದರಿ ಹೆದರಿ ಓಡಿಸಿದೆ. ನಾವು ಮುಟ್ಟುವಷ್ಟರಲ್ಲಿ ತಾಯಿಯ ಜೀವ ಹೋಗಿತ್ತು.

ತಾವೇ ಓಡಿಸಿದ್ದರೆ ಅವ್ವನ ಜೊತೆ ಒಂದು ಮಾತಾಡಲು ಸಿಗುತ್ತಿತ್ತು ಎಂದು ಗೌಡ್ರು ಊರೆಲ್ಲ ಹೇಳಿದರು. ಸಿಗುತ್ತಿತ್ತೋ ಏನೋ, ನನಗೆ ಇಂದಿಗೂ ಹೇಳಲು ಬರುವುದಿಲ್ಲ. ಆ ಮಾತನ್ನು ನಾನು ಮುಟ್ಟಿಸಿದಾಗ ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಇರಬೌದು ತಮ್ಮಾ" ಎಂದರು, ಅಷ್ಟೇ. ತನ್ನದೇ ಸರಿ ಎಂದು ಒಮ್ಮೆಯೂ ವಾದಿಸಲಿಲ್ಲ. ಭರಣಿಯನ್ನೂ ತೆಗೆಯಲಿಲ್ಲ.

ದಿನಕರ್ಮ ಮುಗಿದ ಮೇಲೆ ಜಾಗ ಬಿಡಿ ಎಂಬ ಮಾತು ಬಂತು. ವೈನಿ ಬೆಂಚು ಮಾರಿ, ಸಾಮಾನು ಕಟ್ಟಿ, ಕಬ್ಬೂರಿನ ತಂಗಿಯ ಮನೆಗೆ ಹೊರಟರು. ಟೆಂಪೊ ತುಂಬುತ್ತಿದ್ದಾಗ ಮಳಿಗೆ ವಹಿಸಿಕೊಳ್ಳಲು ಗೌಡ್ರು ಬಂದರು. ಬೇರೆಲ್ಲೋ ಕುಡಿದು, ತಾವೇ ಗಾಡಿ ಓಡಿಸಿಕೊಂಡು ಬಂದಿದ್ದರು. ಬಾಗಿಲಿನ ಚಾವಿಗಾಗಿ ಕೈ ಚಾಚಿದರು.

ವೈನಿ ಚಾವಿ ಕೊಡಲಿಲ್ಲ. ಭರಣಿಯ ಮುಚ್ಚಳ ತೆಗೆದು ಅವರ ಮುಂದೆ ಹಿಡಿದರು.

ಗೌಡ್ರ ಕಣ್ಣು ಕೆಂಪಗಿದ್ದವು. ಈಗ ಭರಣಿಯನ್ನು ನೆಲಕ್ಕೆ ಕುಕ್ಕುತ್ತಾರೆ ಎಂದೇ ನಾನು ಎಣಿಸಿದೆ. ಅವರು ಕಿಸೆಗೆ ಕೈ ಹಾಕಿ, ಗಾಡಿಯ ಚಾವಿ ತೆಗೆದು ಒಳಗೆ ಹಾಕಿದರು.

ವೈನಿ ಬಾಗಿಲಿನ ಚಾವಿಯನ್ನು ಅವರ ಕೈಗಿಟ್ಟು, ಭರಣಿಯನ್ನು ನನಗೆ ಕೊಟ್ಟರು. "ಗೌಡ್ರನ್ನ ಮನೀತನಾ ಮುಟ್ಟಸಿ ಬಾ."

ಹೋದ ಚಳಿಗಾಲದಲ್ಲಿ ವೈನಿ ತೀರಿಕೊಂಡರು. ಕಬ್ಬೂರಿಗೆ ಮಣ್ಣಿಗೆ ಹೋದಾಗ ದಾದಾಗೌಡ್ರೂ ಬಂದಿದ್ದರು. ಗಾಡಿಯನ್ನು ಡ್ರೈವರ್ ಓಡಿಸಿಕೊಂಡು ಬಂದಿದ್ದ.